ದಾನವನ್ನು ಎಲ್ಲಿಡುವುದು?

ವರ್ಷದ ಕೊನೆಯ ದಿನ ಬೆಳಿಗ್ಗೆ ನಾರ್ಬ್ ಝಾಸ್ಟ್ರೋ ಮೊಟ್ಟೆಯ ಮೇಲೆ ಉಪ್ಪು ಉದುರಿಸಿಕೊಳ್ಳುತ್ತಿದ್ದಾಗ ಆಡಿಟರ್ ಮಿಲ್ಟನ್ ಫೋನು ಮಾಡದೆ ಇದ್ದಿದ್ದರೆ, ಅವನು ಆ ವರ್ಷವನ್ನೂ ಹಿಂದಿನ ಎಲ್ಲ ವರ್ಷಗಳ ಹಾಗೆ ಯಾರಿಗೂ ಏನೂ ಕೊಡದೆ ನೆಮ್ಮದಿಯಾಗಿ ಮುಗಿಸಿಬಿಡುತ್ತಿದ್ದ.

"ನಾರ್ಬ್, ಕೂತಿದ್ದೀಯಾ?"

"ಕೂತಿದ್ದೀನಿ. ಯಾಕೆ?"

"ಅಂಗಡಿ ಜಾಗ ಮಾರಿದ್ಯಲ್ಲ, ಅದಕ್ಕೆ ತೆರಿಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿದೆ," ಎಂದು ಮಿಲ್ಟನ್ ಒಂದು ಮೊತ್ತ ಹೇಳಿದ. ನಾರ್ಬ್ ಕೈಯಲ್ಲಿದ್ದ ಉಪ್ಪಿನ ಡಬ್ಬಿ ಮೊಟ್ಟೆಯ ಮೇಲೆ ಪೂರ್ತಿ ಕವುಚಿಕೊಂಡಿತು.

ಕೀಲ್ಸ್‌ಬರ್ಗ್ ಊರಿನ ಸರೋವರದ ದಂಡೆಯಲ್ಲಿ ನಾರ್ಬ್ ನಲವತ್ತು ವರ್ಷ ಮೀನುಗಾಳದ ಅಂಗಡಿ ಇಟ್ಟಿದ್ದ. ಗಾಳಕ್ಕೆ ಸಿಕ್ಕಿಸುವ ಹುಳುಗಳನ್ನು ಡಜನ್ ಲೆಕ್ಕದಲ್ಲಿ ಮಾರುತ್ತಿದ್ದ. ಡಬ್ಬಿಗೆ ಕೈತಪ್ಪಿ ಹದಿಮೂರನೆಯದು ಬಿದ್ದರೆ, ಗಿರಾಕಿಯ ಕಣ್ಣೆದುರಿಗೇ ಅದನ್ನು ಬಾಲ ಹಿಡಿದು ಎತ್ತಿ ಬುಟ್ಟಿಗೆ ವಾಪಸು ಹಾಕುತ್ತಿದ್ದ. ಎರೆಹುಳುವಿಗೆ ಬಾಲ ಯಾವ ಕಡೆ ಎನ್ನುವುದು ವಿಸ್ಕಾನ್ಸಿನ್ ರಾಜ್ಯದಲ್ಲೇ ಅವನೊಬ್ಬನಿಗೆ ಗೊತ್ತಿತ್ತೆಂದು ಕಾಣುತ್ತದೆ. ಊರು ಅವನಿಗೆ 'ಡಜನ್ ನಾರ್ಬ್' ಎಂದು ಹೆಸರಿಟ್ಟಿತ್ತು. ಆ ಹೆಸರು ಅವನ ಕಿವಿಗೆ ಬಿದ್ದಿಲ್ಲ ಎಂದು ಊರಿನ ನಂಬಿಕೆ. ಬಿದ್ದಿತ್ತು. ಬಿದ್ದು ಒಳಗೆ ಕುಳಿತು ಉರಿಯುತ್ತಿತ್ತು. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನ ತನ್ನನ್ನು ಧಾರಾಳಿ ಎಂದು ಕರೆಯಬೇಕೆಂಬ ಆಸೆ ಅವನಿಗಿತ್ತು. ಖರ್ಚಿಲ್ಲದೆ ಅದು ಹೇಗೆ ಸಾಧ್ಯ ಎನ್ನುವುದೇ ಬಗೆಹರಿಯದ ಸಮಸ್ಯೆಯಾಗಿತ್ತು. ಅಷ್ಟರಲ್ಲಿ ಈ ವರ್ಷ ಹೋಟೆಲಿನವರು ಬಂದು, ಹುಳುಗಳ ವಾಸನೆ ಹೊಡೆಯುವ ಆ ಜಾಗಕ್ಕೆ ಕೇಳಿದಷ್ಟು ಸುರಿದು ಕೊಂಡುಕೊಂಡರು.

"ಇವತ್ತು ಸಂಜೆಯೊಳಗೆ ನಲವತ್ತು ಸಾವಿರ ಡಾಲರ್ ದಾನ ಮಾಡು. ತೆರಿಗೆ ಚೆನ್ನಾಗಿ ಇಳಿಯುತ್ತೆ," ಎಂದ ಮಿಲ್ಟನ್.

"ನಿನಗೆ ಹುಷಾರಿಲ್ವಾ? ಯಾರಿಗೆ ಕೊಡ್ಲಿ?"

"ಅದೇ ಇದರಲ್ಲಿರೋ ಚಂದ. ಈಗ ಯಾರಿಗೂ ಕೊಡಬೇಕಾಗಿಲ್ಲ. ದಾನಿ ಸಲಹಾ ನಿಧಿ ಅಂತ ಇದೆ. ಹಣ ತಗೊಂಡುಹೋಗಿ ಅಲ್ಲಿ ಇಡು. ದಾನದ ಪುಣ್ಯ, ಅಂದ್ರೆ ತೆರಿಗೆ ರಿಯಾಯಿತಿ, ಇವತ್ತೇ ಸಿಗುತ್ತೆ. ಆಮೇಲೆ ಹತ್ತು ವರ್ಷ ಬಿಟ್ಟಾದರೂ ಸರಿ, ಇಂಥವರಿಗೆ ಇಷ್ಟು ಕೊಡಿ ಅಂತ ಸಲಹೆ ಕೊಟ್ರೆ ಅವರು ಕಳಿಸ್ತಾರೆ."

ನಾರ್ಬ್‌ನ ಮೈ ಜುಮ್ಮೆಂದಿತು. ಏನೂ ಕೊಡದೆ ಕೊಟ್ಟವನಾಗುವ ಇಂಥದೊಂದು ವಿದ್ಯೆ ಈ ದೇಶದಲ್ಲಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

"ಒಂದು ಸಲ ಹಾಕಿದ ಮೇಲೆ ಆ ಹಣ ಅವರದ್ದು, ನಿನ್ನದಲ್ಲ, ವಾಪಸು ಬರಲ್ಲ. ನೆನಪಿರಲಿ," ಎಂದು ಮಿಲ್ಟನ್ ಮುಂದುವರಿಸಿದ. "ಆದರೆ ಖಾತೆಗೆ ನಿನ್ನ ಹೆಸರು ಇಟ್ಕೋಬಹುದು."

ನಾರ್ಬ್‌ಗೆ ಎರಡನೆಯ ಮಾತು ಮಾತ್ರ ಕೇಳಿಸಿತು. 'ನಾರ್ಬರ್ಟ್ ಝಾಸ್ಟ್ರೋ ದತ್ತಿ ನಿಧಿ' ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಇನ್ನೊಂದು ಸಲ ಹೇಳಿಕೊಂಡ. "ಎಲ್ಲಿಡೋದು ಅದನ್ನ?" ಎಂದು ಕೇಳಿದ.

"ಬೇಕಾದಷ್ಟು ಕಡೆ ಇಡಬಹುದು. ಯಾರನ್ನಾದರೂ ಕೇಳು," ಎಂದು ಮಿಲ್ಟನ್ ಫೋನಿಟ್ಟ. ಕೀಲ್ಸ್‌ಬರ್ಗ್‌ನಂಥ ಊರಿನಲ್ಲಿ ಯಾರಿಗೂ ಹೇಳಬಾರದ ಮಾತು ಅದು.

ಹೆಂಡತಿ ಲಾರೇನ್ ಒಲೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಚರ್ಚಿನ ನೆಲಮಾಳಿಗೆಯಲ್ಲಿ ಬಡವರಿಗೆ ದಿನಸಿ ಹಂಚುವ ಕೋಣೆಯಿದೆ, ಅವಳು ವಾರಕ್ಕೆರಡು ದಿನ ಅಲ್ಲಿ ದುಡಿಯುತ್ತಾಳೆ.

"ನಮ್ಮ ದಿನಸಿ ಕೋಣೆ ಫ್ರೀಜರ್ ಸತ್ತು ಎಷ್ಟು ದಿನ ಆಯ್ತು ಗೊತ್ತಾ ನಾರ್ಬ್? ಬೇಟೆಯವರು ಕೊಟ್ಟಿರೋ ಜಿಂಕೆ ಮಾಂಸಾನೆಲ್ಲ ಹಿತ್ತಲ ಹಿಮದಲ್ಲಿ ಹೂತಿಟ್ಟಿದ್ದೀವಿ. ನಿನ್ನೆ ಊರಿನ ನಾಯಿಗಳೆಲ್ಲ ಸೇರಿ ಹೊಸ ವರ್ಷ ಆಚರಿಸಿಬಿಟ್ವು. ಒಂದು ಚೆಕ್ ಬರೆದು ಫ್ರೀಜರ್ ಕೊಡಿಸು. ಅದಕ್ಕೂ ತೆರಿಗೆ ಕಡಿಮೆ ಆಗುತ್ತೆ."

"ಚೆಕ್ಕಾ! ಚೆಕ್ಕು ಯಾರು ಬೇಕಾದ್ರೂ ಬರೀತಾರೆ ಲಾರೇನ್," ಎಂದು ನಾರ್ಬ್ ಟೊಪ್ಪಿಗೆ ಹಾಕಿಕೊಂಡು ಹೊರಗೆ ನಡೆದ. "ನಿಧಿ ಅಂದ್ರೆ ಅದರ ಗತ್ತೇ ಬೇರೆ."

ಹೊರಗೆ ಪಕ್ಕದ ಮನೆಯ ಡ್ವೇನ್ ಕೆಟಲ್‌ಹಟ್ ಹಿಮ ತಳ್ಳುವ ಯಂತ್ರ ಓಡಿಸುತ್ತ ತನ್ನ ಅಂಗಳದ ಹಿಮವನ್ನು ನಾರ್ಬ್‌ನ ಅಂಗಳಕ್ಕೆ ವರ್ಗಾಯಿಸುತ್ತಿದ್ದ. ವಿಮಾ ಏಜೆಂಟನಾಗಿ ನಿವೃತ್ತನಾದವನು. ಅವನಿಗೆ ಗೊತ್ತಿಲ್ಲದ ವಿಷಯವನ್ನು ದೇವರು ಇನ್ನೂ ಸೃಷ್ಟಿಸಿರಲಿಲ್ಲ. ಭಾನುವಾರ ಚರ್ಚಿನ ತಟ್ಟೆಗೆ ಮಡಿಸಿದ ಒಂದು ಡಾಲರನ್ನು ನೂರರ ನೋಟಿನ ಗತ್ತಿನಲ್ಲಿ ಹಾಕುವುದು ಅವನಿಗೆ ಕರಗತವಾಗಿತ್ತು.

"ಡ್ವೇನ್, ಸುಮ್ನೆ ಒಂದು ಮಾತು ಕೇಳ್ತೀನಿ," ಎಂದ ನಾರ್ಬ್. "ಈ ದಾನದ ನಿಧಿ ಅಂತಾರಲ್ಲ, ಅದನ್ನ ಎಲ್ಲಿ ಇಡ್ತಾರೆ? ನನಗಲ್ಲ. ನನ್ನ ಸ್ನೇಹಿತನಿಗೆ."

ಡ್ವೇನ್ ಯಂತ್ರ ನಿಲ್ಲಿಸಿದ. "ನಿನಗೆ ಸ್ನೇಹಿತ ಯಾರಿದ್ದಾರಯ್ಯಾ? ಎಷ್ಟು ಇಡ್ತಿದ್ದೀಯ?"

ನಾರ್ಬ್‌ನ ಬಾಯಿಂದ ಮೊತ್ತ ಜಾರಿತು. ಹೇಳಬಾರದೆಂದುಕೊಂಡಿದ್ದ, ಆದರೆ ಅಷ್ಟು ದೊಡ್ಡ ಅಂಕಿಯನ್ನು ದಾನದ ಜೊತೆ ಸೇರಿಸಿ ಹೇಳುವ ಸುಖ ಅವನಿಗೆ ಹೊಸದು.

"ಶುಲ್ಕ ನೋಡ್ಬೇಕು ಕಣಯ್ಯಾ, ಶುಲ್ಕ!" ಎಂದು ಡ್ವೇನ್ ಕೈಗವಸು ಕಳಚಿ ಬೆರಳು ಮಡಿಸತೊಡಗಿದ. "ವರ್ಷ ವರ್ಷ ಕೆರೆದು ತಿಂತಾರೆ ಅವರು. ನಮ್ಮ ಅಳಿಯ ಮಿಲ್ವಾಕಿಯಲ್ಲಿ ಷೇರು ಕಂಪನೀಲಿದ್ದಾನೆ. ಅಲ್ಲಿ ಇಡು. ಹಣ ಹಾಗೇ ಬೆಳೆಯುತ್ತೆ. ನೀನು ಯಾರಿಗೂ ಕೊಡದೆ ಇದ್ರೆ ಇನ್ನೂ ಬೆಳೆಯುತ್ತೆ."

"ಕೊಡದೆ ಇದ್ರೆ ಅದು ದಾನ ಹ್ಯಾಗಾಗುತ್ತೆ?"

"ಅಲ್ಲೇ ನೋಡು ನಿನ್ನ ದಡ್ಡತನ. ಗಾಡಿ ಹತ್ತು, ಕಾಫಿ ಕುಡೀತಾ ಹೇಳ್ತೀನಿ." ಗಾಡಿ ನಾರ್ಬ್‌ನದು, ಕಾಫಿಯೂ ಅವನದೇ ಆಗಲಿತ್ತು.

ಪೇಟೆಯ ಕಾಫಿ ಹೋಟೆಲಿನಲ್ಲಿ ಪಾಸ್ಟರ್ ಎಲ್ಡನ್ ರುಶ್ ಕುಂಬಳದ ಕಡುಬಿನ ಮುಂದೆ ಕೂತಿದ್ದರು. ಡ್ವೇನ್ ಬಾಗಿಲಲ್ಲೇ ಕೂಗಿದ: "ಪಾಸ್ಟರ್, ಕೇಳಿದ್ರಾ? ನಮ್ಮ ನಾರ್ಬ್ ನಲವತ್ತು ಸಾವಿರ ದಾನ ಮಾಡ್ತಾನಂತೆ!"

ಅಡುಗೆಯವನು ಕಿಟಕಿಯಿಂದ ತಲೆ ಹೊರಹಾಕಿ, "ಯಾವ ನಾರ್ಬ್?" ಎಂದ.

"ದೇವರು ದೊಡ್ಡವನು," ಎಂದು ಪಾಸ್ಟರ್ ಕಡುಬನ್ನು ಪಕ್ಕಕ್ಕೆ ಸರಿಸಿದರು. ಅವರು ಕಡುಬನ್ನು ಪಕ್ಕಕ್ಕಿಟ್ಟಿದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ. "ನಾರ್ಬರ್ಟ್, ಬಾ ಮಗನೇ, ಕೂತ್ಕೋ. ನಮ್ಮ ಚರ್ಚಿನವರದ್ದೇ ಒಂದು ನಿಧಿ ಸಂಸ್ಥೆ ಇದೆ. ಅಲ್ಲಿಟ್ಟ ಹಣ ಪಾಪದ ವ್ಯವಹಾರಕ್ಕೆ ಹೋಗಲ್ಲ. ಬಂದೂಕಿನ ಕಂಪನಿ, ಜೂಜಿನ ಕಂಪನಿ, ಸಿಗರೇಟು, ಬೀರು, ಯಾವುದರ ಷೇರೂ ಕೊಳ್ಳಲ್ಲ."

"ಬೀರೂ ಇಲ್ವಾ?" ಎಂದು ಮೂಲೆಯಿಂದ ಯಾರೋ ಗಾಬರಿಯಿಂದ ಕೇಳಿದರು. ವಿಸ್ಕಾನ್ಸಿನ್‌ನಲ್ಲಿ ಇದು ದೇವರನ್ನು ಬಿಟ್ಟುಕೊಡುವುದಕ್ಕಿಂತ ಗಂಭೀರವಾದ ಮಾತು. ಪಾಸ್ಟರ್ ಕೆಮ್ಮಿದರು.

"ಬೀರಿನ ವಿಷಯ ಮಾತಾಡಿ ಸರಿಮಾಡಬಹುದು," ಎಂದರು.

"ಶುಲ್ಕ ಎಷ್ಟು ಪಾಸ್ಟರ್?" ಎಂದ ಡ್ವೇನ್.

"ದೇವರ ಕೆಲಸಕ್ಕೆ ಶುಲ್ಕ ಕೇಳ್ತೀಯಾ?"

"ದೇವರು ಎಷ್ಟು ತಗೊಳ್ತಾನೆ ಅಂತ ಕೇಳ್ತಿಲ್ಲ. ನಿಮ್ಮ ಸಂಸ್ಥೆ ಎಷ್ಟು ತಗೊಳ್ಳುತ್ತೆ ಅಂತ ಕೇಳಿದೆ."

ಇಬ್ಬರಿಗೂ ಹತ್ತಿಕೊಂಡಿತು. ನಾರ್ಬ್ ನಡುವೆ ಕೂತು ಸೌಮ್ಯವಾಗಿ ನಗುತ್ತಿದ್ದ. ಊರಿನ ಇಬ್ಬರು ದೊಡ್ಡವರು ತನ್ನ ದಾನಕ್ಕಾಗಿ ಜಗಳವಾಡುತ್ತಿರುವುದು ಅವನಿಗೆ ಸ್ನಾನಕ್ಕೆ ಬಿಸಿನೀರು ಹುಯ್ದ ಹಾಗಿತ್ತು. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ಎದುರು ಕಟ್ಟಡದಲ್ಲಿರುವ ಊರ ದತ್ತಿ ಪ್ರತಿಷ್ಠಾನದ ಮುಖ್ಯಸ್ಥೆ ಮಾರ್ಜರಿ ಕ್ವಾಂಟ್. ಸುದ್ದಿ ರಸ್ತೆ ದಾಟಿ ಅವಳನ್ನು ಮುಟ್ಟುವಷ್ಟರಲ್ಲಿ ಅವಳೇ ರಸ್ತೆ ದಾಟಿ ಬಂದಿದ್ದಳು.

"ಮಿಸ್ಟರ್ ಝಾಸ್ಟ್ರೋ, ನಮ್ಮೂರಿನ ಹಣ ನಮ್ಮೂರಲ್ಲೇ ಇರಬೇಕು, ಅಲ್ವೇ? ಮಿಲ್ವಾಕಿಗ್ಯಾಕೆ? ಸ್ವರ್ಗಕ್ಕಾದರೂ ಯಾಕೆ? ಬನ್ನಿ, ಒಂದು ತೋರಿಸ್ತೀನಿ."

ಅವಳು ತೋರಿಸಿದ್ದು ಕಚೇರಿಯ ಗೋಡೆಯ ಮೇಲೆ ಹಬ್ಬಿದ ಹಿತ್ತಾಳೆಯ ಮರ. ಪ್ರತಿಷ್ಠಾನದಲ್ಲಿ ನಿಧಿ ಇಟ್ಟವರ ಹೆಸರೆಲ್ಲ ಅದರ ಮೇಲಿದ್ದವು. ಕಾಂಡದ ಮೇಲೆ ಹಾಲಿನ ಡೇರಿಯವರು, ದಪ್ಪ ಕೊಂಬೆಗಳ ಮೇಲೆ ಡಾಕ್ಟರುಗಳು. ನಾರ್ಬ್ ಮರದ ಹತ್ತಿರ ಹೋದ.

"ನನ್ನ ಹೆಸರು ಎಲ್ಲಿ ಬರುತ್ತೆ?"

"ನಿಮ್ಮ ಮೊತ್ತಕ್ಕೆ ಎಲೆ ಬರುತ್ತೆ," ಎಂದಳು ಮಾರ್ಜರಿ.

"ಎಲ್ಲಿದೆ ಎಲೆ?"

ಮಾರ್ಜರಿ ಬಾಗಿಲನ್ನು ಮುಚ್ಚಿದಳು. ಬಾಗಿಲ ಹಿಂದೆ, ಅಷ್ಟು ಹೊತ್ತೂ ಮರೆಯಾಗಿದ್ದ ಮರದ ಒಂದು ಮೂಲೆ ಕಂಡಿತು. ಕೆಳಗಡೆ, ಮೊಣಕಾಲಿನ ಎತ್ತರದಲ್ಲಿ, ಒಂದಷ್ಟು ಎಲೆಗಳಿದ್ದವು.

"ಬಾಗಿಲು ಹಾಕಿದಾಗ ಚೆನ್ನಾಗಿ ಕಾಣುತ್ತೆ," ಎಂದಳು ಅವಳು.

"ಯಾವಾಗ ಹಾಕ್ತೀರಿ?"

"ರಾತ್ರಿ, ಎಲ್ಲರೂ ಮನೆಗೆ ಹೋದ ಮೇಲೆ. ಕೊಂಬೆಗೆ ಏರಬೇಕು ಅಂದ್ರೆ ಇನ್ನೊಂದಿಷ್ಟು ಸೇರಿಸಬಹುದು ನೀವು."

ನಾರ್ಬ್ ಬಾಗಿಲು ತೆರೆದ. "ಮಾಂಸದ ಲಾಟರಿಗೆ ಹೊತ್ತಾಯ್ತು," ಎಂದು ಹೇಳಿ ಹೊರಬಿದ್ದವನು ಮಾಜಿ ಸೈನಿಕರ ಸಂಘದ ಸಭಾಂಗಣದ ಕಡೆಗೆ ಹೆಚ್ಚುಕಡಿಮೆ ಓಡಿದ. ವರ್ಷದ ಕೊನೆಯ ದಿನ ಮಧ್ಯಾಹ್ನ ಅಲ್ಲಿ ಲಾಟರಿ. ಒಂದು ಡಾಲರಿಗೆ ಚೀಟಿ ಕೊಂಡರೆ ಅದೃಷ್ಟವಿದ್ದವನಿಗೆ ಹಂದಿಯ ತೊಡೆ, ಇಲ್ಲದವನಿಗೆ ಬೀರು. ಬಂದ ಲಾಭ ಸಂಘದ ಧರ್ಮಕಾರ್ಯಗಳಿಗೆ. ಇಡೀ ಊರು ನೆರೆದಿರುತ್ತದೆ. ಅಲ್ಲಿ ಗದ್ದಲದಲ್ಲಿ ಮರೆಯಾಗಬಹುದೆಂದು ನಾರ್ಬ್ ಅಂದುಕೊಂಡಿದ್ದ.

ಒಳಗೆ ಕಾಲಿಟ್ಟ ಕೂಡಲೇ ಮೈಕಿನಲ್ಲಿದ್ದವನು, "ಬಂದ ನೋಡ್ರಪ್ಪಾ ನಮ್ಮ ಧರ್ಮಪ್ರಭು!" ಎಂದ.

ಆಮೇಲೆ ನಡೆದದ್ದನ್ನು ನಾರ್ಬ್ ಇಂದಿಗೂ ಕನಸಿನಲ್ಲಿ ಕಂಡು ಬೆಚ್ಚಿ ಏಳುತ್ತಾನೆ. ಹಿಮಬಂಡಿ ಓಡಿಸುವ ಸಂಘದವರು ಕಾಡಿನ ದಾರಿ ಸರಿಮಾಡಿಸಬೇಕೆಂದು ಅವನನ್ನು ಒಂದು ಮೇಜಿನ ಮುಂದೆ ಕೂರಿಸಿ ಬಲಗೈ ಹಿಡಿದರು. ಶಾಲೆಯ ಬ್ಯಾಂಡಿನ ಮೇಷ್ಟ್ರು ತುತೂರಿ ಬೇಕೆಂದು ಎಡಗೈ ಹಿಡಿದರು. ಅನಾಥ ಬೆಕ್ಕುಗಳನ್ನು ಸಾಕುವ ಹೆಂಗಸು ಒಂದು ಬೆಕ್ಕನ್ನೇ ತಂದು ಅವನ ಮಡಿಲಲ್ಲಿ ಕೂರಿಸಿದಳು. ಅದು ಅವನ ಸ್ವೆಟರಿನಲ್ಲಿ ಉಗುರು ಹರಿತ ಮಾಡಿಕೊಳ್ಳತೊಡಗಿತು. ಅಷ್ಟರಲ್ಲಿ ಡ್ವೇನ್, ಪಾಸ್ಟರ್, ಮಾರ್ಜರಿ ಮೂವರೂ ಬಂದು ಮೇಜಿನ ಮೂರು ಕಡೆ ಕೂತರು.

"ನಾರ್ಬ್, ಚೀಟಿ ಕೊಳ್ಳು, ಇದೂ ಧರ್ಮವೇ," ಎಂದ ಡ್ವೇನ್. "ನಾಳೆಯಿಂದ ನಿನ್ನ ನಿಧಿಯಿಂದಲೇ ಕೊಂಡ್ರಾಯ್ತು. ನಮ್ಮ ಬೀದಿಗೆಲ್ಲ ಒಂದೊಂದು ಕಟ್ಟು."

"ಹಾಗೆಲ್ಲ ಮಾಡೋ ಹಾಗಿಲ್ಲ!" ಎಂದು ಮಾರ್ಜರಿ ಹೌಹಾರಿದಳು. "ನಿಧಿಯ ಹಣದಲ್ಲಿ ದಾನಿಗೆ ಏನೂ ವಾಪಸು ಬರಬಾರದು. ಹಂದಿ ತೊಡೆ ಬಂತು ಅಂದ್ರೆ ಸರ್ಕಾರ ದಂಡ ಹಾಕುತ್ತೆ."

"ಗೆದ್ದರೆ ತಾನೇ ದಂಡ? ನಾರ್ಬ್ ಯಾವತ್ತು ಗೆದ್ದಿದ್ದಾನೆ?"

"ಗೆಲ್ಲೋ ಆಸೆ ಇಟ್ಕೊಳ್ಳೋದೇ ತಪ್ಪು," ಎಂದರು ಪಾಸ್ಟರ್. ಅವರ ಕೈಯಲ್ಲಿ ಆರು ಚೀಟಿಗಳಿದ್ದವು.

"ನಿಮ್ಮಲ್ಲಿ ಇಟ್ರೆ ಶುಲ್ಕಕ್ಕೇ ಕರಗಿಹೋಗುತ್ತೆ ಮಾರ್ಜರಿ!"

"ನಿಮ್ಮ ಅಳಿಯನ ಹತ್ರ ಇಟ್ರೆ ನಿಮ್ಮ ಅಳಿಯ ಬೆಳೀತಾನೆ, ಅಷ್ಟೇ!"

"ನಾರ್ಬರ್ಟ್, ಮಗನೇ, ಬೀರಿನ ವಿಷಯ ಯೋಚನೆ ಮಾಡಬೇಡ…"

ಎಲ್ಲಿಡಬೇಕೆಂದು ಇಷ್ಟು ಜನ ಕಿತ್ತಾಡಿದರು. ಇಟ್ಟದ್ದು ಯಾರ ಹೊಟ್ಟೆಗೆ ಹೋಗಬೇಕೆಂದು ಆ ಸಭಾಂಗಣದಲ್ಲಿ ಒಬ್ಬರೂ ಕೇಳಲಿಲ್ಲ. ನಾರ್ಬ್‌ಗೂ ಅದು ಹೊಳೆದಿರಲಿಲ್ಲ. ಅವನಿಗೆ ಹೊಳೆದದ್ದು ಬೇರೆ. ಇವರಲ್ಲಿ ಒಬ್ಬರ ಹತ್ತಿರ ಇಟ್ಟರೆ ಉಳಿದಿಬ್ಬರು ಸಾಯುವತನಕ ಮುಖ ತಿರುಗಿಸುತ್ತಾರೆ. ಯಾರ ಹತ್ತಿರ ಇಟ್ಟರೂ ಬೆಕ್ಕಿನವಳು ಬಿಡುವುದಿಲ್ಲ. ಅವನು ಬೆಕ್ಕನ್ನು ಕಿತ್ತು ಮೇಜಿನ ಮೇಲಿಟ್ಟು ಎದ್ದುನಿಂತ.

"ನಾನು ಯಾವ ನಿಧಿಯನ್ನೂ ಇಡ್ತಿಲ್ಲ!" ಎಂದು ಕಿರುಚಿದ. "ಒಂದು ಕಾಸೂ ಕೊಡಲ್ಲ ಯಾರಿಗೂ! ತೆರಿಗೆ ಕಟ್ಟಿ ಸಾಯ್ತೀನಿ! ಹೋಗಿ ಎಲ್ಲ!"

ಆಮೇಲೆ ಎಲ್ಲರ ಮುಖದ ಮೇಲೂ ಒಂದು ನಿರಾಳ ಮೂಡಿತು, ಕಳೆದುಹೋದ ಹಸು ತಾನಾಗಿ ಕೊಟ್ಟಿಗೆಗೆ ಬಂದು ನಿಂತಾಗ ಮೂಡುವಂಥದ್ದು.

"ನಾನು ಹೇಳಲಿಲ್ವಾ?" ಎಂದ ಒಬ್ಬ. ಇನ್ನೊಬ್ಬ ಜೇಬಿಗೆ ಕೈಹಾಕಿ ಪಂದ್ಯದ ಹಣ ತೆಗೆದುಕೊಟ್ಟ. ಮೈಕಿನವನು ಹಂದಿಯ ತೊಡೆಯ ನಂಬರು ಕೂಗಿದ. ಅದು ಪಾಸ್ಟರಿಗೆ ಹೋಯಿತು.

ಮನೆಗೆ ಬಂದ ನಾರ್ಬ್ ಬಾಗಿಲು ಹಾಕಿ ಪರದೆ ಎಳೆದು ಕಂಪ್ಯೂಟರಿನ ಮುಂದೆ ಕೂತ. ದೇಶದ ಇನ್ನೊಂದು ತುದಿಯಲ್ಲಿರುವ, ಕೀಲ್ಸ್‌ಬರ್ಗ್‌ನ ಹೆಸರನ್ನೇ ಕೇಳದ ಒಂದು ಸಂಸ್ಥೆಯನ್ನು ಹುಡುಕಿದ. ಅಲ್ಲಿ ಅಳಿಯನಿರಲಿಲ್ಲ, ಪಾಸ್ಟರ್ ಇರಲಿಲ್ಲ, ಹಿತ್ತಾಳೆಯ ಮರವಿರಲಿಲ್ಲ. ಹೆಸರು, ವಿಳಾಸ, ಬ್ಯಾಂಕು ಎಲ್ಲ ತುಂಬಿದ. ನಿಯಮಗಳ ಪುಟ ಬಂದಾಗ ಓದದೆ 'ಒಪ್ಪಿದ್ದೇನೆ' ಎಂದು ಒತ್ತಿದ. ಈ ದೇಶದಲ್ಲಿ ಮದುವೆಯಿಂದ ಹಿಡಿದು ಮನೆಸಾಲದವರೆಗೆ ಎಲ್ಲವೂ ಹೀಗೆಯೇ ನಡೆಯುತ್ತದೆ. ಸಂಜೆಯಾಗುವುದರೊಳಗೆ ಹಣ ಹೋಯಿತು.

"ಮೊದಲ ಕೊಡುಗೆ ನಮ್ಮ ಫ್ರೀಜರಿಗೆ," ಎಂದು ಲಾರೇನ್ ಹಿಂದೆ ಬಂದು ನಿಂತಳು. "ಇಲ್ಲದಿದ್ರೆ ರಾತ್ರಿ ಊಟ ನೀನೇ ಮಾಡ್ಕೋ."

ನಾರ್ಬ್ ಚರ್ಚಿನ ದಿನಸಿ ಕೋಣೆಯ ಹೆಸರು ಹಾಕಿದ, ಒಂದು ದೊಡ್ಡ ಫ್ರೀಜರಿನ ಬೆಲೆ ಹಾಕಿದ. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಪಡೆಯುವವರಿಗೆ ನಿಮ್ಮ ಹೆಸರು ತಿಳಿಸಬೇಕೆ?

ನಾರ್ಬ್‌ನ ಬೆರಳು ಗಾಳಿಯಲ್ಲಿ ನಿಂತಿತು. ತಿಳಿಸಿದರೆ ನಾಳೆ ಬೆಳಿಗ್ಗೆ ಬಾಗಿಲಲ್ಲಿ ಬೆಕ್ಕು. ತಿಳಿಸದಿದ್ದರೆ? ಅವನಿಗೆ ತಟ್ಟನೆ ಒಂದು ಬೆಳಕು ಕಂಡಿತು. ಹೆಸರು ಹೇಳಿಕೊಂಡು ಕೊಡುವವನು ಬರೀ ದಾನಿ. ಹೆಸರು ಹೇಳದೆ ಕೊಡುವವನು ಮಹಾತ್ಮ. ಊರು ಸುಮ್ಮನಿರುತ್ತದೆಯೇ? ಯಾರಿರಬಹುದು, ಯಾರಿರಬಹುದು ಎಂದು ತಲೆ ಕೆಡಿಸಿಕೊಂಡು, ಹುಡುಕಿ ಹುಡುಕಿ, ಕೊನೆಗೆ ಅವನ ಬಾಗಿಲಿಗೇ ಬಂದು, "ನಾರ್ಬ್, ನೀನೇ ತಾನೇ? ಅವತ್ತು ಬೇಕೂಂತಲೇ ಕಿರುಚಿದೆಯಲ್ಲ!" ಎಂದು ಕಣ್ಣೊರೆಸಿಕೊಳ್ಳುತ್ತದೆ. ಅವನು 'ಬೇಡ' ಎಂದು ಒತ್ತಿದ. ರಾತ್ರಿ ಹಲ್ಲುಜ್ಜುವಾಗ ಕನ್ನಡಿಯ ಮುಂದೆ ನಿಂತು, ಚಾವಣಿಯ ಕಡೆ ನೋಡುತ್ತ ಸಂಕೋಚದಿಂದ ನಗುವುದನ್ನು ಸ್ವಲ್ಪ ಹೊತ್ತು ಅಭ್ಯಾಸ ಮಾಡಿದ.

ಜನವರಿಯಲ್ಲಿ ಒಂದು ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಕರಿದ ಮೀನಿನ ಊಟ. ಎಲ್ಲರ ತಟ್ಟೆಗೂ ಮೀನು, ಆಲೂಗಡ್ಡೆಯ ದೋಸೆ, ಎಲೆಕೋಸು ಬಿದ್ದ ಮೇಲೆ ಪಾಸ್ಟರ್ ಎದ್ದು ಲೋಟ ಬಡಿದರು. ಅವರ ಹಿಂದೆ, ಬಿಳಿ ಬೆಡ್‌ಶೀಟು ಹೊದ್ದ ದೊಡ್ಡ ಪೆಟ್ಟಿಗೆಯೊಂದು ನಿಂತಿತ್ತು.

"ಪ್ರಿಯರೇ, ನಮ್ಮ ದಿನಸಿ ಕೋಣೆಗೆ ಯಾವುದೋ ದೂರದ ದಾನಿ ಸಲಹಾ ನಿಧಿಯಿಂದ ಒಂದು ಕಾಗದ ಬಂತು, ಜೊತೆಗೆ ಹಣ ಬಂತು. ಕೊಟ್ಟವರು ಯಾರು ಅಂತ ಇಲ್ಲ. 'ಹೆಸರು ಹೇಳಬಯಸದ ಸ್ನೇಹಿತ' ಅಂತ ಮಾತ್ರ ಇದೆ." ಅವರು ಬೆಡ್‌ಶೀಟು ಎಳೆದರು. ಹೊಸ ಫ್ರೀಜರು ಥಳಥಳಿಸಿತು. ಲಾರೇನ್ ಕಣ್ಣಲ್ಲಿ ನೀರು ಬಂತು. ಜನ 'ಓ' ಎಂದರು.

ನಾರ್ಬ್ ಬೆನ್ನು ನೆಟ್ಟಗೆ ಮಾಡಿ ಚಾವಣಿಯ ಕಡೆ ನೋಡಲು ಸಿದ್ಧನಾದ.

"ಆ ಸ್ನೇಹಿತ ಈ ಕೋಣೆಯಲ್ಲೇ ಇರಬಹುದು," ಎಂದು ಪಾಸ್ಟರ್ ಸುತ್ತ ನೋಡಿದರು. ಎಲ್ಲರೂ ಸುತ್ತ ನೋಡಿದರು. ಕಣ್ಣುಗಳು ನಾರ್ಬ್‌ನ ಮೇಲೆ ಹಾದುಹೋದವು. ಉಪ್ಪಿನ ಡಬ್ಬಿಯ ಮೇಲೆ ಹಾದುಹೋದ ಹಾಗೆಯೇ ಹೋದವು. ಹೋಗಿ ಹೋಗಿ ಪಕ್ಕದ ಮೇಜಿನಲ್ಲಿ ಡ್ವೇನ್ ಕೆಟಲ್‌ಹಟ್‌ನ ಮೇಲೆ ನಿಂತವು.

"ಶುಲ್ಕ, ನಿಧಿ ಅಂತ ಅಷ್ಟೆಲ್ಲ ತಿಳ್ಕೊಂಡವನು ಇನ್ಯಾರಿದ್ದಾರೆ?" ಎಂದಳು ಬೆಕ್ಕಿನ ಹೆಂಗಸು. "ಡ್ವೇನ್, ನೀನೇ ತಾನೇ?"

ಡ್ವೇನ್ ಬಾಯಲ್ಲಿದ್ದ ಮೀನನ್ನು ನುಂಗಿದ. ನಿಧಾನವಾಗಿ ಚಾವಣಿಯ ಕಡೆ ನೋಡಿ ಸಂಕೋಚದಿಂದ ನಕ್ಕ. ಅಭ್ಯಾಸವಿಲ್ಲದೆಯೂ ನಾರ್ಬ್‌ಗಿಂತ ನೂರು ಪಾಲು ಚೆನ್ನಾಗಿ ನಕ್ಕ.

"ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಬಾರದು," ಎಂದ.

ಚಪ್ಪಾಳೆಗೆ ಕಿಟಕಿಗಳು ನಡುಗಿದವು. ನಾರ್ಬ್ ಎದ್ದೇಬಿಟ್ಟ. "ಅವನಲ್ಲ! ಕೊಟ್ಟಿದ್ದು ನಾನು! ನಾನು ಕೊಟ್ಟಿದ್ದು!"

ಮೊದಲು ಒಬ್ಬ ನಕ್ಕ. ಆಮೇಲೆ ಇಡೀ ನೆಲಮಾಳಿಗೆ ನಕ್ಕಿತು. ಬ್ಯಾಂಡಿನ ಮೇಷ್ಟ್ರು ಮೇಜು ಗುದ್ದಿದರು. "ಅಯ್ಯೋ ನಾರ್ಬ್, ನಿನಗೂ ತಮಾಷೆ ಮಾಡೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ!"

"ನಿಜವಾಗ್ಲೂ ಅವನೇ ಕೊಟ್ಟಿದ್ದು. ನಾನು ಪಕ್ಕದಲ್ಲೇ ಇದ್ದೆ," ಎಂದಳು ಲಾರೇನ್.

ಮಾರ್ಜರಿ ಬಂದು ಅವಳ ಭುಜ ತಟ್ಟಿದಳು. "ನೀನು ಒಳ್ಳೇ ಹೆಂಡತಿ ಕಣೇ ಲಾರೇನ್. ನಿನ್ನ ಹಾಗೆ ಗಂಡನ ಮಾನ ಕಾಯೋರು ಈಗ ಯಾರಿದ್ದಾರೆ?"

ನಾರ್ಬ್ ಫೋನು ತೆಗೆದು ಆ ದೂರದ ಸಂಸ್ಥೆಗೆ ಹಚ್ಚಿದ. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ ಮೇಜಿನ ಮೇಲಿಟ್ಟ. ತನ್ನ ಹೆಸರು, ಖಾತೆಯ ಸಂಖ್ಯೆ, ಹುಟ್ಟಿದ ದಿನ ಎಲ್ಲ ಒಪ್ಪಿಸಿ, "ಫ್ರೀಜರಿಗೆ ಹಣ ಕೊಟ್ಟವನು ಯಾರು ಅಂತ ಈ ಜನಕ್ಕೆ ಒಂದು ಮಾತು ಹೇಳಿಬಿಡಿ," ಎಂದ.

"ಕ್ಷಮಿಸಿ ಸರ್," ಎಂದಿತು ಹುಡುಗಿಯೊಬ್ಬಳ ಇಂಪಾದ ದನಿ. "ನಿಮ್ಮ ಸುತ್ತ ಬೇರೆಯವರಿರೋದು ಕೇಳಿಸ್ತಿದೆ. ಹೆಸರು ಬೇಡ ಅಂದ ದಾನಿಯ ವಿಷಯ ನಾವು ಇನ್ನೊಬ್ಬರ ಮುಂದೆ ಹೇಳೋ ಹಾಗಿಲ್ಲ."

"ಬೇಡ ಅಂದವನು ನಾನೇ ಕಣಮ್ಮಾ! ಈಗ ಬೇಕು ಅಂತಿದ್ದೀನಿ!"

"ಕಾಗದ ಹೋಗಿ ಆದಮೇಲೆ ಬದಲಾಯಿಸಕ್ಕಾಗಲ್ಲ ಸರ್. ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನಮ್ಮಲ್ಲಿಗೆ ಬಂದ ಹಣ ನಮ್ಮ ಸಂಸ್ಥೆಯದ್ದಾಗುತ್ತೆ. ಯಾವ ಖಾತೆದಾರರೂ ಅದರಿಂದ ಯಾರಿಗೂ ಏನೂ ಕೊಡಲ್ಲ. ಕೊಡೋದು ನಾವು. ಖಾತೆದಾರರು ಸಲಹೆ ಕೊಡ್ತಾರೆ, ಅಷ್ಟೇ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?"

ಫೋನು ಸುಮ್ಮನಾಯಿತು.

"ಸಲಹೆ ಕೊಟ್ಟಿದ್ದಾನಂತೆ!" ಎಂದು ಡ್ವೇನ್ ಹೊಟ್ಟೆ ಹಿಡಿದುಕೊಂಡ. "ಸಲಹೆ ಕೊಡೋದ್ರಲ್ಲಿ ನಮ್ಮ ನಾರ್ಬ್ ಯಾವತ್ತೂ ಹಿಂದೆ ಬಿದ್ದವನಲ್ಲ ಬಿಡಿ!"

ನಗು ಇಳಿಯುವ ಹೊತ್ತಿಗೆ ಪಾಸ್ಟರ್ ಚಂದಾ ಎತ್ತಲು ತಮ್ಮ ಟೊಪ್ಪಿಗೆ ತೆಗೆದು ಮೇಜಿನಿಂದ ಮೇಜಿಗೆ ದಾಟಿಸತೊಡಗಿದರು. ಫ್ರೀಜರಿನ ಬಾಗಿಲಿಗೆ ಡ್ವೇನ್ ಕೆಟಲ್‌ಹಟ್‌ನ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಹಾಕಿಸುವುದೆಂದು ತೀರ್ಮಾನವಾಗಿತ್ತು. ಡ್ವೇನ್ ಬೇಡ ಬೇಡ ಎನ್ನುತ್ತ, ಅಕ್ಷರ ದೊಡ್ಡದಿದ್ದರೆ ವಯಸ್ಸಾದವರಿಗೆ ಓದಲು ಅನುಕೂಲ ಎನ್ನುತ್ತಿದ್ದ.

ಟೊಪ್ಪಿಗೆ ನಾರ್ಬ್‌ನ ಮುಂದೆ ಬಂದು ನಿಂತಿತು. ಇಡೀ ಊರು ತಿನ್ನುವುದು ಬಿಟ್ಟು ನೋಡಿತು. ಅವನು ಲಾರೇನ್ ಕಡೆ ನೋಡಿದ. ಅವಳು ಫ್ರೀಜರಿನ ಕಡೆ ನೋಡುತ್ತಿದ್ದಳು, ಅವಳ ಮಟ್ಟಿಗೆ ವಿಷಯ ಮುಗಿದಿತ್ತು. ನಾರ್ಬ್ ಜೇಬಿಗೆ ಕೈಹಾಕಿದ. ಹತ್ತರ ನೋಟಿಗಾಗಿ ತಡಕಿದ. ಸಿಕ್ಕಿದ್ದು ಇಪ್ಪತ್ತರದು. ಅಷ್ಟು ಕಣ್ಣುಗಳ ಮುಂದೆ ಅದನ್ನು ಮತ್ತೆ ಒಳಗೆ ಇಡಲಾಗದೆ ಟೊಪ್ಪಿಗೆಯೊಳಗೆ ಹಾಕಿದ.

ಹಾಕಿದ್ದೇ ತಡ, ಬ್ಯಾಂಡಿನ ಮೇಷ್ಟ್ರು ಎದ್ದುನಿಂತರು. ಬೆಕ್ಕಿನವಳು ಎದ್ದಳು. ಒಬ್ಬೊಬ್ಬರಾಗಿ ಇಡೀ ನೆಲಮಾಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡ್ವೇನ್‌ಗೆ ಬಿದ್ದದ್ದಕ್ಕಿಂತ ಜೋರಾಗಿಯೇ ಇತ್ತು. ಮುದುಕರೊಬ್ಬರು, "ಇಪ್ಪತ್ತು ಕೊಟ್ಟ ಕಣ್ರೋ! ನೋಡೋಕೆ ಬದುಕಿದ್ನಲ್ಲ!" ಎಂದು ಗದ್ಗದಿತರಾದರು. ತನ್ನ ಜೀವಮಾನವಿಡೀ ಕಾದಿದ್ದ ಚಪ್ಪಾಳೆ ಕಿವಿಗೆ ಬೀಳುತ್ತಿರುವಾಗ ನಾರ್ಬ್‌ಗೆ ಅಳು ಬರುವ ಹಾಗಾಯಿತು. ಎಲ್ಲರೂ ಅದನ್ನು ಆನಂದಬಾಷ್ಪವೆಂದು ತಿಳಿದರು.

"ಪಾಸ್ಟರ್, ಇದಕ್ಕೆ ರಸೀತಿ…" ಎಂದು ಮೆಲ್ಲಗೆ ಕೇಳಿದ.

"ಇದು ದಾನ ಅಲ್ಲ ನಾರ್ಬರ್ಟ್. ಸ್ನೇಹಿತನಿಗೆ ಉಡುಗೊರೆ. ತೆರಿಗೆಯಲ್ಲಿ ಕಳೆಯೋ ಹಾಗಿಲ್ಲ," ಎಂದರು ಪಾಸ್ಟರ್.

ಡ್ವೇನ್ ಬಂದು ಅವನನ್ನು ಬಾಚಿ ತಬ್ಬಿಕೊಂಡ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಈಗ ಗೊತ್ತಾಯ್ತೇನಯ್ಯಾ ನಾರ್ಬ್," ಎಂದ, "ಕೊಡೋದ್ರಲ್ಲಿ ಎಂಥ ಸುಖ ಇದೆ ಅಂತ?"

ನಾರ್ಬ್ ಗೊತ್ತಾಯ್ತು ಎಂದು ತಲೆಯಾಡಿಸಿ, ತಣ್ಣಗಾದ ಮೀನಿನ ಮುಂದೆ ಕೂತುಕೊಂಡ.